ದುಡ್ಡು ಕೊಡುವ ಮೊದಲು ಯಂತ್ರವನ್ನೇ ಕೇಳಿ

(ರಾಯಚೂರಿನಲ್ಲಿ ವಿದ್ಯಾರ್ಥಿಗಳು, ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿಯವರು, ರಿಪೇರಿ ಮಾಡುವವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಹಿಂದೆ ನಿಂತವರು ಮುಂದೆ ಬಂದು ಕೂತುಕೊಳ್ಳಿ. ಪರದೆಯ ಮೇಲೆ ಸಣ್ಣ ಅಂಕಿಗಳನ್ನು ನೋಡುವ ಕೆಲಸ ಬಹಳ ಇದೆ.

ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರ್ ಬೇಕಾದವರೆಲ್ಲ ಹೊಸದನ್ನೇ ಕೊಳ್ಳುವುದಿಲ್ಲ. ಡಿಗ್ರಿ ಓದುವ ಹುಡುಗರು, ಸೇವಾ ಕೇಂದ್ರ ನಡೆಸುವವರು, ಲಗ್ನದ ಫೋಟೋ ತೆಗೆಯುವವರು ಬೆಳಗ್ಗೆ ರೈಲು ಹತ್ತಿ ಸಿಕಂದರಾಬಾದಿನ ಕಂಪ್ಯೂಟರ್ ಪೇಟೆಗೆ ಹೋಗುತ್ತಾರೆ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಆರಿಸಿಕೊಂಡು ರಾತ್ರಿ ಊರಿಗೆ ಬರುತ್ತಾರೆ. ಇದು ಒಳ್ಳೆಯದೇ. ಗಟ್ಟಿಯಾದ ಯಂತ್ರ ಕಡಿಮೆ ದುಡ್ಡಿಗೆ ಸಿಗುತ್ತದೆ. ಆದರೆ ಕೊಳ್ಳುವಾಗ ನಮ್ಮ ಕೈಯಲ್ಲಿ ಇರುವುದು ಅಂಗಡಿಯವನ ಮಾತು ಮಾತ್ರ. ‘ಐಫೈವ್ ಅದ ಸರ್, ಎಂಟು ಜಿಬಿ ಅದ, ಎರಡೇ ವರ್ಷ ಯೂಸ್ ಆಗ್ಯಾದ, ಕಣ್ಣು ಮುಚ್ಚಿ ಒಯ್ರಿ’ ಅಂತಾನೆ. ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡದೆ ದುಡ್ಡು ಎಣಿಸುವುದಿಲ್ಲ, ಅಲ್ವಾ? ಲ್ಯಾಪ್‌ಟಾಪಿನ ವಯಸ್ಸನ್ನೂ ಹಾಗೆ ನೋಡಬಹುದು. ಅದು ಎಷ್ಟು ಗಂಟೆ ಓಡಿದೆ, ಎಷ್ಟು ಕಾದಿದೆ, ಎಲ್ಲಿ ಸವೆದಿದೆ ಅನ್ನುವುದನ್ನೆಲ್ಲ ತಾನೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಓದುವ ತಂತ್ರಾಂಶಗಳಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಇವತ್ತು ಅದನ್ನು ಓದುವುದು ಹೇಗೆ ಅಂತ ನೋಡೋಣ.

ಮೊದಲು ವಿಂಡೋಸ್ ಒಳಗೇ ಇರುವುದನ್ನು ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ರ‍್ಯಾಮ್ ಎಷ್ಟು, ಅದರ ವೇಗ ಎಷ್ಟು, ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತ ಕೆಳಗೆ ಕಾಣುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಮುಂದೆ ಇನ್ನೊಂದು ರ‍್ಯಾಮ್ ಹಾಕಬಹುದು. ಎರಡೂ ತುಂಬಿದ್ದರೆ ಇರುವುದನ್ನು ತೆಗೆದು ದೊಡ್ಡದು ಹಾಕಬೇಕು, ಖರ್ಚು ಜಾಸ್ತಿ. ಇಷ್ಟು ತಿಳಿಯಲು ಒಂದು ಸ್ಕ್ರೂ ಬಿಚ್ಚಬೇಕಿಲ್ಲ.

ಅಲ್ಲೇ ಸಿಪಿಯು ಒತ್ತಿದರೆ ಪ್ರಾಸೆಸರಿನ ಪೂರ್ತಿ ಹೆಸರು ಬರುತ್ತದೆ. ‘ಐ5’ ಅಂದರೆ ಸಾಲದು. ಐ5-2520ಎಂ ಅನ್ನುವುದು 2011ರದ್ದು, ಎರಡು ಕೋರ್ (ಲೆಕ್ಕ ಮಾಡುವ ಘಟಕ) ಇರುವುದು. ಐ5-8250ಯು ಅನ್ನುವುದು 2017ರದ್ದು, ನಾಲ್ಕು ಕೋರ್ ಇರುವುದು. ಎರಡರ ಮೇಲೂ ಐ5 ಸ್ಟಿಕ್ಕರ್ ಇರುತ್ತದೆ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಮಾತನ್ನು ಅವನು ಹೇಳಲಿಲ್ಲ. ಗೀಟಿನ ಮುಂದಿನ ಅಂಕಿಯನ್ನು ಕೇಳಿ ಬರೆದುಕೊಳ್ಳಿ. ಈ ಕಾಲದ ಐ5ಗಳಲ್ಲಿ ಮೊದಲ ಒಂದು ಅಂಕಿಯೋ ಎರಡು ಅಂಕಿಯೋ ಪೀಳಿಗೆಯನ್ನು ಹೇಳುತ್ತದೆ.

ಇನ್ನೂ ಆಳಕ್ಕೆ ಇಳಿಯಬೇಕು ಅಂದರೆ ಸಿಪಿಯು-ಝಡ್ ಇದೆ. ಸಿಪಿಯುಐಡಿ ಎಂಬ ಫ್ರಾನ್ಸಿನ ಸಂಸ್ಥೆ ಕೊಡುವ ಸಣ್ಣ ತಂತ್ರಾಂಶ. ಪ್ರಾಸೆಸರ್, ಮದರ್‌ಬೋರ್ಡ್, ಬಯಾಸ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ತಾರೀಖು, ಪ್ರತಿ ಸ್ಲಾಟಿನಲ್ಲಿರುವ ರ‍್ಯಾಮ್ ಯಾರದು, ಎಲ್ಲವನ್ನೂ ಬೇರೆ ಬೇರೆ ಟ್ಯಾಬಿನಲ್ಲಿ ತೋರಿಸುತ್ತದೆ. ಒಂದು ಮಾತು ನೆನಪಿಡಿ. ಮೆಮೊರಿ ಟ್ಯಾಬಿನಲ್ಲಿ ವೇಗ ಅರ್ಧ ಕಾಣುತ್ತದೆ. 3200 ಅಂತ ಬಿಲ್ಲಿನಲ್ಲಿದ್ದರೆ ಅಲ್ಲಿ 1600ರ ಆಸುಪಾಸು ಇರುತ್ತದೆ. ಡಿಡಿಆರ್ ರ‍್ಯಾಮ್ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಕಳಿಸುತ್ತದೆ, ಅದಕ್ಕೇ. ಸುಮ್ನೆ ಅಂಗಡಿಗೆ ಹೋಗಿ ಜಗಳ ಮಾಡಬೇಡಿ. ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಟೆಕ್‌ಪವರ್‌ಅಪ್‌ನವರ ಜಿಪಿಯು-ಝಡ್ ಇದೆ. ಅದೂ ಹೀಗೇ, ವಿವರಿಸುವುದೇನಿಲ್ಲ.

ಈಗ ಡಿಸ್ಕಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ರ‍್ಯಾಮ್ ಕೆಟ್ಟರೆ ಬೇರೆ ತರಬಹುದು, ಪ್ರಾಸೆಸರ್ ಹಳೆಯದಾದರೆ ಸಹಿಸಿಕೊಳ್ಳಬಹುದು. ಡಿಸ್ಕ್ ಹೋದರೆ ಅದರಲ್ಲಿದ್ದ ಜಿಎಸ್‌ಟಿ ಲೆಕ್ಕ, ಮಗಳ ನಾಮಕರಣದ ಫೋಟೋ, ಪ್ರಾಜೆಕ್ಟ್ ವರದಿ ಎಲ್ಲ ಹೋದ ಹಾಗೆ.

ಹಾರ್ಡ್‌ಡಿಸ್ಕ್ ಮತ್ತು ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಬರೆಯುವ ಡಿಸ್ಕ್) ಎರಡರ ಒಳಗೂ ಸ್ಮಾರ್ಟ್ ಎಂಬ ದಾಖಲೆ ಇರುತ್ತದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಗಮನಿಸಿ ಬರೆದುಕೊಳ್ಳುವ ವ್ಯವಸ್ಥೆ ಇದು. ಇದನ್ನು ಓದಲು ವಿಂಡೋಸಿನಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಜಪಾನಿನ ಒಬ್ಬ ಡೆವಲಪರ್ ಬರೆದದ್ದು, ಮುಕ್ತ ಆಕರ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು. ತೆರೆದ ಕೂಡಲೇ ನೀಲಿ ಬಣ್ಣದಲ್ಲಿ ‘ಗುಡ್’ ಅಂತಲೋ ಹಳದಿಯಲ್ಲಿ ‘ಕಾಷನ್’ ಅಂತಲೋ ಬರುತ್ತದೆ. ಕೆಂಪಾದರೆ ಕೆಟ್ಟಿದೆ ಅಂತ. ಬಹಳ ಜನ ನೀಲಿ ನೋಡಿ ಮುಚ್ಚಿಬಿಡುತ್ತಾರೆ. ದಯವಿಟ್ಟು ಕೆಳಗಿನ ಪಟ್ಟಿಯನ್ನೂ ಓದಿ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ತಮ್ಮ ತನ್ನ ಲ್ಯಾಪ್‌ಟಾಪ್ ಕೊಟ್ಟಿದ್ದಾನೆ. ಎರಡು ವರ್ಷ ಬಳಸಿದ್ದು ಅಂತ ಹೇಳಿ ಕೊಟ್ಟರಂತೆ. ಪರದೆ ನೋಡಿ. ಹಾರ್ಡ್‌ಡಿಸ್ಕ್, ಬಲಗಡೆ ‘ಪವರ್ ಆನ್ ಅವರ್ಸ್’ ಎದುರು 14,200 ಇದೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 250 ದಿನ ಕಚೇರಿ ಅಂದರೆ ವರ್ಷಕ್ಕೆ 2,000 ಗಂಟೆ. ಅಂದರೆ ಏಳು ವರ್ಷದ ಕೆಲಸ. ಹಗಲು ರಾತ್ರಿ ಆಫ್ ಮಾಡದೆ ಓಡಿಸಿದ್ದರೆ ಎರಡು ವರ್ಷದೊಳಗೂ ಇಷ್ಟು ಆಗಬಹುದು, ಅದನ್ನೂ ಹೇಳಬೇಕು. ಯಾವುದೇ ಆಗಲಿ, ಡಿಸ್ಕ್ ಸವೆದಿರುವುದು ಮಾತ್ರ ನಿಜ.

ಈಗ ಕೆಳಗೆ 05 ಎಂಬ ಸಾಲು. ಡಿಸ್ಕಿನ ಒಂದು ಜಾಗ ಕೆಟ್ಟರೆ ಅದನ್ನು ಬಿಟ್ಟು, ಮೀಸಲು ಇಟ್ಟ ಬೇರೆ ಜಾಗವನ್ನು ಡಿಸ್ಕ್ ತಾನೇ ಬಳಸುತ್ತದೆ. ಹಾಗೆ ಎಷ್ಟು ಜಾಗ ಬದಲಾಗಿದೆ ಅನ್ನುವುದು 05. ಅದರ ಕೆಳಗೆ ಸಿ5. ಓದಲು ಆಗದೆ, ಇನ್ನೂ ಏನು ಮಾಡಬೇಕೆಂದು ತೀರ್ಮಾನವಾಗದೆ ಬಾಕಿ ಉಳಿದ ಜಾಗಗಳು ಇವು. ಈ ಯಂತ್ರದಲ್ಲಿ ಸಿ5 ಎದುರು ಸೊನ್ನೆಗಳ ಸಾಲು ದಾಟಿ 18 ಅಂತ ಇದೆ. ಇದು ಹದಿನೆಂಟಲ್ಲ, ಇಪ್ಪತ್ನಾಲ್ಕು. ಈ ತಂತ್ರಾಂಶ ಮೂಲ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಒಂದು ಹದಿನಾರು, ಅದಕ್ಕೆ ಎಂಟು ಸೇರಿ ಇಪ್ಪತ್ನಾಲ್ಕು. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್ಡ್ ಫೀಚರ್, ಅದರಲ್ಲಿ ರಾ ವ್ಯಾಲ್ಯೂಸ್, ಅಲ್ಲಿ ಹತ್ತರ ಲೆಕ್ಕ ಆರಿಸಿದರೆ ನಮಗೆ ತಿಳಿಯುವ ಅಂಕಿ ಬರುತ್ತದೆ. ತಮ್ಮಾ, ಇವತ್ತು ಮನೆಗೆ ಹೋದ ಕೂಡಲೇ ಮೊದಲು ನಿನ್ನ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡು. ಡಿಸ್ಕ್ ಬದಲಿಸುವ ಮಾತು ಆಮೇಲೆ.

ಡೆಸ್ಕ್‌ಟಾಪ್ ಇರುವ ಅಂಗಡಿಯವರು ಸಿ7 ಸಾಲನ್ನು ನೋಡಬೇಕು. ಡಿಸ್ಕಿಗೂ ಬೋರ್ಡಿಗೂ ನಡುವೆ ಮಾಹಿತಿ ಹೋಗುವಾಗ ಆದ ತಪ್ಪುಗಳ ಎಣಿಕೆ ಅದು. 05, ಸಿ5 ಎರಡೂ ಸೊನ್ನೆ ಇದ್ದು ಸಿ7 ಮಾತ್ರ ಏರುತ್ತಿದ್ದರೆ ಬಹಳ ಸಲ ಕೆಟ್ಟಿರುವುದು ಡಿಸ್ಕ್ ಅಲ್ಲ, ಸಾಟಾ ಕೇಬಲ್. ಸಡಿಲವಾಗಿರಬಹುದು, ತುದಿಯಲ್ಲಿ ಧೂಳು ಕೂತಿರಬಹುದು. ಕೇಬಲ್ ಬದಲಿಸಿ ಒಂದು ವಾರ ನೋಡಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಮುಂದೆ ಏರುತ್ತದೋ ಇಲ್ಲವೋ ಅನ್ನುವುದೇ ಮುಖ್ಯ. ‘ಹಾರ್ಡ್‌ಡಿಸ್ಕ್ ಹೋಗ್ಯಾದ, ಹೊಸದು ಹಾಕಬೇಕು’ ಅಂತ ಗಿರಾಕಿಗೆ ಹೇಳುವ ಮೊದಲು ಈ ಒಂದು ಸಾಲು ನೋಡಿದರೆ ಅವರ ಸಾವಿರಾರು ರೂಪಾಯಿ ಉಳಿಯುತ್ತದೆ. ರಿಪೇರಿ ಮಾಡುವ ಗೆಳೆಯರಿಗೆ ನಾನು ಪ್ರೀತಿಯಿಂದ ಕೇಳಿಕೊಳ್ಳುವುದು ಇದು. ಅಂಗಡಿಯ ಹೆಸರು ಉಳಿಯುವುದೂ ಇಂಥದರಿಂದಲೇ.

ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ, ಅಂದರೆ ಬೋರ್ಡಿಗೇ ನೇರ ಸಿಕ್ಕಿಸುವ ವೇಗದವುಗಳಲ್ಲಿ, ಪಟ್ಟಿ ಬೇರೆ. ಅಲ್ಲಿ ‘ಪರ್ಸೆಂಟೇಜ್ ಯೂಸ್ಡ್’ ನೋಡಿ, ಆಯುಷ್ಯದಲ್ಲಿ ಎಷ್ಟು ಭಾಗ ಖರ್ಚಾಗಿದೆ ಅಂತ ಅದು ಹೇಳುತ್ತದೆ. ಜೊತೆಗೆ ‘ಅನ್‌ಸೇಫ್ ಶಟ್‌ಡೌನ್ಸ್’ ಎಂಬ ಸಾಲಿದೆ. ಸರಿಯಾಗಿ ಆಫ್ ಆಗದೆ ಕರೆಂಟ್ ಹೋದದ್ದು ಎಷ್ಟು ಸಲ ಅನ್ನುವ ಎಣಿಕೆ. ಯುಪಿಎಸ್ ಇಲ್ಲದೆ ಓಡುವ ಅಂಗಡಿಯ ಕಂಪ್ಯೂಟರಿನಲ್ಲಿ ಈ ಅಂಕಿ ನೋಡಿದರೆ ಯುಪಿಎಸ್ ಬ್ಯಾಟರಿ ಬದಲಿಸಲು ಮನಸ್ಸು ತಾನೇ ಬರುತ್ತದೆ.

ಸ್ಮಾರ್ಟ್ ಸರಿ ಇದ್ದರೆ ಡಿಸ್ಕ್ ಸಾಯುವುದಿಲ್ಲವೇ? ಸಾಯುತ್ತದೆ. ಗೂಗಲ್‌ನವರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್‌ಡಿಸ್ಕ್‌ಗಳನ್ನು ಗಮನಿಸಿ ಬರೆದ ಅಧ್ಯಯನ ಪ್ರಕಟಿಸಿದರು. ಬಲವಾದ ಸೂಚನೆ ಅಂತ ಅವರು ಗುರುತಿಸಿದ್ದು ನಾಲ್ಕು ಅಂಕಿಗಳನ್ನು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕ್‌ಗಳಲ್ಲಿ ಆ ನಾಲ್ಕೂ ಸೊನ್ನೆಯಾಗಿದ್ದವು. ಸೂಚನೆ ಕೊಟ್ಟವುಗಳ ಮಾತು ಮಾತ್ರ ಗಂಭೀರ. ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಸಿಗುವ ತಪ್ಪು) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಇಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಅಂತ ಅದೇ ಅಧ್ಯಯನ ಹೇಳಿತು. ಹಾಗಾಗಿ ಕೆಟ್ಟ ಅಂಕಿಯನ್ನು ನಂಬಿ, ಒಳ್ಳೆಯ ಅಂಕಿ ಇದ್ದರೂ ಬ್ಯಾಕಪ್ ಬಿಡಬೇಡಿ.

ಈ ದಾಖಲೆಯನ್ನೇ ತಿದ್ದುವವರೂ ಇದ್ದಾರೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಅಂಥದೊಂದು ಬಯಲಾಯಿತು. ಸಾವಿರಾರು ಗಂಟೆ ಓಡಿದ್ದ ಸೀಗೇಟ್ ಡಿಸ್ಕ್‌ಗಳ ಸ್ಮಾರ್ಟ್ ಅಂಕಿಗಳನ್ನು ಸೊನ್ನೆ ಮಾಡಿ ಯಾರೋ ಹೊಸದೆಂದು ಮಾರುಕಟ್ಟೆಗೆ ಬಿಟ್ಟಿದ್ದರು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಸೀಗೇಟ್ ಡಿಸ್ಕಿನಲ್ಲಿ ಫಾರ್ಮ್ (FARM) ಎಂಬ ಇನ್ನೊಂದು ದಾಖಲೆ ಇದೆ. ಅದು ಹಾಗೇ ಉಳಿದಿತ್ತು. ಅದನ್ನು ಓದುವ ಸೌಲಭ್ಯ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಸ್ವತಂತ್ರ ತಂತ್ರಾಂಶದ 7.4ನೇ ಆವೃತ್ತಿಯಿಂದ ಇದೆ. 2002ರಿಂದ ಬೆಳೆದು ಬಂದ ತಂತ್ರಾಂಶ ಅದು. ಅದರ ಆಕರ ಎಲ್ಲರಿಗೂ ತೆರೆದಿದೆ, ಅದಕ್ಕೇ ಗೊತ್ತಿದ್ದವರು ಹೊಸ ಡಿಸ್ಕ್‌ಗಳಿಗೆ ಬೇಕಾದ್ದನ್ನು ಸೇರಿಸುತ್ತ ಬಂದಿದ್ದಾರೆ. ಇಂಥ ಕೆಲಸ ಕಂಡಾಗ ನನಗೆ ನಿಜವಾಗಿ ಗೌರವ ಬರುತ್ತದೆ.

ಇನ್ನು ಬಿಸಿಲಿನ ವಿಷಯ. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಲ್ಯಾಪ್‌ಟಾಪಿನ ಫ್ಯಾನ್ ಎಳೆದುಕೊಳ್ಳುವುದು ಇದೇ ಗಾಳಿಯನ್ನು. ಅದರ ಮೇಲೆ ಧೂಳು. ಹತ್ತಿ ಜಿನ್ನಿಂಗ್ ಮಿಲ್ಲಿನ ಹತ್ತಿರ ಇರುವವರ ಯಂತ್ರ ಬಿಚ್ಚಿದರೆ ಹೀಟ್‌ಸಿಂಕಿನ (ಬಿಸಿ ಹೊರಹಾಕುವ ಲೋಹದ ಪಟ್ಟಿಗಳ) ಸಂದಿಯಲ್ಲಿ ಹತ್ತಿ ಎಳೆ ಮತ್ತು ಧೂಳು ಸೇರಿ ತೆಳ್ಳನೆಯ ಕಂಬಳಿಯಂಥ ಪದರ ಬರುತ್ತದೆ. ಬೆರಳಿಂದ ಎಳೆದರೆ ಇಡೀ ಪದರ ಒಂದೇ ಸಲ ಎದ್ದು ಬರುತ್ತದೆ. ಅಕ್ಕಿ ಮಿಲ್ಲಿನ ಕಚೇರಿಗಳಲ್ಲಿ ತೌಡಿನ ಪುಡಿ.

‘ಮಧ್ಯಾಹ್ನ ಆದರೆ ಕಂಪ್ಯೂಟರ್ ನಿಧಾನ ಆಗುತ್ತದೆ, ವೈರಸ್ ಇರಬೇಕು’ ಅಂತ ಬರುವವರಿದ್ದಾರೆ. ಎಚ್‌ಡಬ್ಲ್ಯುಇನ್ಫೋ ಎಂಬ, ಬಿಸಿ ಅಳೆದು ತೋರಿಸುವ ತಂತ್ರಾಂಶ ಹಾಕಿ, ಸೆನ್ಸರ್ಸ್ ಮಾತ್ರ ತೆರೆಯಿರಿ. ಪ್ರತಿ ಸಾಲಿಗೂ ಈಗಿನ ಅಂಕಿ, ಕನಿಷ್ಠ, ಗರಿಷ್ಠ, ಸರಾಸರಿ ಅಂತ ನಾಲ್ಕು ಕಾಲಂ ಇರುತ್ತವೆ. ಅರ್ಧ ಗಂಟೆ ನಿಮ್ಮ ಮಾಮೂಲಿ ಕೆಲಸ ಮಾಡಿ, ಆಮೇಲೆ ಗರಿಷ್ಠ ನೋಡಿ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಪ್ರಾಸೆಸರುಗಳ ಮಿತಿ 100 ಡಿಗ್ರಿಯ ಆಸುಪಾಸು. ಅಲ್ಲಿಗೆ ಹತ್ತಿರ ಬಂದಾಗ ಪ್ರಾಸೆಸರ್ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ‘ಥರ್ಮಲ್ ಥ್ರಾಟ್ಲಿಂಗ್’ ಎದುರು ‘ಯೆಸ್’ ಅಂತ ಬಂದಿದ್ದರೆ ನಿಧಾನಕ್ಕೆ ಕಾರಣ ಬಿಸಿ. ಆಂಟಿವೈರಸ್‌ಗೆ ದುಡ್ಡು ಕೊಡುವ ಬದಲು ಫ್ಯಾನ್ ಸ್ವಚ್ಛ ಮಾಡಿಸಿ, ಪ್ರಾಸೆಸರಿನ ಮೇಲೆ ಬಿಸಿ ದಾಟಿಸಲು ಹಚ್ಚಿ ಒಣಗಿದ ಥರ್ಮಲ್ ಪೇಸ್ಟ್ ತೆಗೆಸಿ ಹೊಸದು ಹಚ್ಚಿಸಿ. ಮಾಡುವ ಮೊದಲಿನ ಅಂಕಿ, ಮಾಡಿದ ಮೇಲಿನ ಅಂಕಿ ಎರಡನ್ನೂ ಫೋಟೋ ತೆಗೆದು ಗಿರಾಕಿಗೆ ತೋರಿಸಿ. ಆಗ ಕೊಟ್ಟ ದುಡ್ಡಿಗೆ ಕೆಲಸ ಆಗಿದೆ ಅಂತ ಅವರಿಗೂ ಗೊತ್ತಾಗುತ್ತದೆ.

ಬ್ಯಾಟರಿಗೆ ಬೇರೆ ತಂತ್ರಾಂಶವೇ ಬೇಡ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಅಂತ ಟೈಪ್ ಮಾಡಿ, ಜಾಗ ಬಿಟ್ಟು, ಓರೆಗೆರೆ (/) ಹಾಕಿ, ಬ್ಯಾಟರಿರಿಪೋರ್ಟ್ ಅಂತ ಬರೆದು ಎಂಟರ್ ಒತ್ತಿ. ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ 50,000 ಇದ್ದು ‘ಫುಲ್ ಚಾರ್ಜ್ ಕೆಪಾಸಿಟಿ’ 20,000 ಇದ್ದರೆ ಉಳಿದಿರುವುದು ನೂರಕ್ಕೆ 40. ಚೌಕಾಸಿ ಮಾಡಲು ಇದಕ್ಕಿಂತ ಒಳ್ಳೆಯ ಕಾಗದ ಬೇಕಾ?

ಫೋಟೋ ಸ್ಟುಡಿಯೋದವರು ಇಲ್ಲಿ ಇದ್ದಾರೆ ಅಂತ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಬಗ್ಗೆಯೂ ಹೇಳುತ್ತೇನೆ. ಕಡಿಮೆ ಬೆಲೆಗೆ ಸಿಗುವ ದೊಡ್ಡ ಕಾರ್ಡುಗಳಲ್ಲಿ ನಕಲಿ ಇರುತ್ತವೆ. ಒಳಗೆ 16 ಜಿಬಿ ಚಿಪ್ ಇಟ್ಟು, 256 ಅಂತ ಹೇಳುವ ಹಾಗೆ ಕಾರ್ಡನ್ನು ನಡೆಸುವ ಕಂಟ್ರೋಲರ್ ಚಿಪ್ಪನ್ನು ತಿದ್ದಿರುತ್ತಾರೆ. ಕಂಪ್ಯೂಟರಿಗೆ ಹಾಕಿದರೆ 256 ಅಂತಲೇ ಕಾಣುತ್ತದೆ, ಕಾಪಿ ಮಾಡಿದರೆ ಕಾಪಿಯೂ ಆಗುತ್ತದೆ. 16 ದಾಟಿದ ಮೇಲೆ ಬರೆದದ್ದು ಹಳೆಯದರ ಮೇಲೆ ಕೂರುತ್ತದೆ ಅಥವಾ ಎಲ್ಲಿಯೂ ಉಳಿಯುವುದಿಲ್ಲ. ಧಾರೆಯ ಫೋಟೋ ಇರುತ್ತದೆ, ಅಕ್ಷತೆಯದು ತೆರೆಯುವುದಿಲ್ಲ. ಮತ್ತೆ ತೆಗೆಯಲು ಬರುವ ಫೋಟೋ ಅಲ್ಲ ಅದು. ಇದನ್ನು ಹಿಡಿಯಲು ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ (ವಿಂಡೋಸಿನ ಜಾಗದಲ್ಲಿ ಬಳಸಬಹುದಾದ ಉಚಿತ ಕಾರ್ಯವ್ಯವಸ್ಥೆ) ಎಫ್3 ಇವೆ. ಎರಡೂ ಕಾರ್ಡಿನ ಕೊನೆಯವರೆಗೂ ಬರೆದು, ಬರೆದದ್ದನ್ನೇ ತಿರುಗಿ ಓದಿ ತಾಳೆ ನೋಡುತ್ತವೆ. ತಾಸುಗಟ್ಟಲೆ ಹಿಡಿಯುತ್ತದೆ. ಆದರೂ ಹೊಸ ಕಾರ್ಡ್ ತಂದ ದಿನವೇ, ಖಾಲಿ ಇರುವಾಗಲೇ ಮಾಡಿ.

ಈಗ ನಂಬಿಕೆಯ ಪ್ರಶ್ನೆ. ಉಷ್ಣತೆ, ವೋಲ್ಟೇಜ್ ಓದಬೇಕಾದರೆ ಈ ತಂತ್ರಾಂಶಗಳು ವಿಂಡೋಸಿನ ತೀರಾ ಒಳಗೆ ಒಂದು ಡ್ರೈವರ್, ಅಂದರೆ ಯಂತ್ರದ ಭಾಗಗಳ ಜೊತೆ ಮಾತಾಡುವ ತುಣುಕು, ಇಳಿಸುತ್ತವೆ. ಅಷ್ಟು ಒಳಗೆ ಬಿಟ್ಟುಕೊಳ್ಳುವಾಗ ಯಾರು, ಎಲ್ಲಿಂದ ಬಂದವರು ಅಂತ ನೋಡಬೇಕು. ಇಂಥ ಹಲವು ಮುಕ್ತ ತಂತ್ರಾಂಶಗಳು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರಿನಲ್ಲಿ ಸುರಕ್ಷತೆಯ ದೋಷವಿತ್ತು. 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ತಡೆಯತೊಡಗಿತು. ಅದಕ್ಕೂ ಮೊದಲು, 2017ರಲ್ಲಿ, ಕಂಪ್ಯೂಟರಿನ ಬೇಡದ ಫೈಲು ಅಳಿಸುವ ತಂತ್ರಾಂಶವಾದ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ ದಾಳಿಕೋರರು ಕೆಟ್ಟ ಕೋಡ್ ಸೇರಿಸಿದ್ದರು. ಉಚಿತವಾಗಿ ಸಿಗುತ್ತದೆ ಅಂತ ಕಂಡಲ್ಲಿ ಡೌನ್‌ಲೋಡ್ ಮಾಡಬೇಡಿ. ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿ. ಪುಟದಲ್ಲಿ ಹಸಿರು ಬಣ್ಣದ ದೊಡ್ಡ ಬಟನ್ ಮೂರು ಇದ್ದರೆ ಅದರಲ್ಲಿ ಎರಡು ಜಾಹೀರಾತು ಇರಬಹುದು, ಕೆಳಗಿನ ಸಣ್ಣ ಕೊಂಡಿ ನೋಡಿ. ‘ನಿಮ್ಮ 37 ಡ್ರೈವರ್ ಹಳೆಯವು’ ಅಂತ ಹೆದರಿಸುವ ತಂತ್ರಾಂಶಗಳನ್ನು ಹತ್ತಿರ ಸೇರಿಸಬೇಡಿ.

ಅಂಗಡಿಯವರಿಗೆ ಇನ್ನೊಂದು ಮಾತು. ಉಚಿತ ಅಂದ ಮಾತ್ರಕ್ಕೆ ವ್ಯಾಪಾರಕ್ಕೂ ಉಚಿತ ಅಂತಲ್ಲ. ಎಚ್‌ಡಬ್ಲ್ಯುಇನ್ಫೋ ಸ್ವಂತ ಬಳಕೆಗೆ ಉಚಿತ, ವ್ಯಾಪಾರಕ್ಕೆ ಪರವಾನಗಿ ಕೊಳ್ಳಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಸ್ಮಾರ್ಟ್‌ಮಾನ್‌ಟೂಲ್ಸ್, ಎಫ್3 ಇವುಗಳಿಗೆ ಆ ಕಟ್ಟಳೆ ಇಲ್ಲ. ಅಂಗಡಿಯಲ್ಲಿ ದಿನವಿಡೀ ಬಳಸುವವರು ಇವುಗಳ ಕಡೆ ತಿರುಗುವುದು ಒಳ್ಳೆಯದು.

ಅವರಿಗೆ ನಾನು ಹೇಳುವುದು, ಒಂದು ಪೆನ್‌ಡ್ರೈವಿನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಇಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ಯಂತ್ರ ಶುರುವಾಗುತ್ತದೆ. ಎದುರಿಗಿರುವ ಯಂತ್ರದ ವಿಂಡೋಸನ್ನು ಯಾರು ಹೇಗೆ ತಿದ್ದಿದ್ದಾರೋ ಅದರ ಹಂಗು ಇರುವುದಿಲ್ಲ. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಇಂಕ್ಸಿ (inxi -F) ಎಂಬ ಒಂದು ಆದೇಶ ಕೊಟ್ಟರೆ ಪ್ರಾಸೆಸರಿನಿಂದ ವೈಫೈ ಚಿಪ್‌ವರೆಗೆ ಒಂದೇ ಪುಟದಲ್ಲಿ ಬರುತ್ತದೆ. ಪೆನ್‌ಡ್ರೈವಿನಲ್ಲಿ ಅದು ಇಲ್ಲದಿದ್ದರೆ ನೆಟ್ ಜೋಡಿಸಿ ಹಾಕಿಕೊಳ್ಳಬಹುದು. ಜೊತೆಗೆ ವೈಫೈ, ಕ್ಯಾಮೆರಾ, ಸ್ಪೀಕರ್, ಕೀಲಿಮಣೆ ಕೆಲಸ ಮಾಡುತ್ತವೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಈ ವರದಿಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕುವಾಗ ಸೀರಿಯಲ್ ನಂಬರ್ ಇರುವ ಸಾಲು ಮಾತ್ರ ಅಳಿಸಿ.

ಕೊನೆಗೆ ಎರಡು ಪ್ರಶ್ನೆ ಬಂದವು. ಸೇವಾ ಕೇಂದ್ರ ನಡೆಸುವ ಅಕ್ಕಾವರೊಬ್ಬರು ಕೇಳಿದರು: ‘ಸರ್, ವಿಂಡೋಸ್ 10 ಮುಗೀತು, ಹೊಸ ಕಂಪ್ಯೂಟರೇ ತಗೋಬೇಕು ಅಂತಾರ. ಖರೆ ಏನ್ರಿ?’

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಖರೆ. ಹೊಸದು ಕೊಳ್ಳಲೇಬೇಕು ಅನ್ನುವುದನ್ನು ಮಾತ್ರ ಪರೀಕ್ಷೆ ಮಾಡಿ. ಈಗಿನ ಯಂತ್ರದಲ್ಲೇ ವಿಂಡೋಸ್ 11 ಓಡುತ್ತದೆಯೇ ಅಂತ ನೋಡಿ. ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಇದೆ, ವೈನಾಟ್‌ವಿನ್11 ಎಂಬ ಮುಕ್ತ ತಂತ್ರಾಂಶವೂ ಇದೆ. ಎರಡನೆಯದು ಯಾವುದು ಸರಿ ಇದೆ, ಯಾವುದು ಸಾಲದು ಅಂತ ಸಾಲು ಸಾಲಾಗಿ ಹೇಳುತ್ತದೆ. ಇಂಟೆಲ್ ಆದರೆ ಸುಮಾರಾಗಿ ಎಂಟನೇ ಪೀಳಿಗೆಯಿಂದ ಮುಂದಿನದು, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಸುರಕ್ಷತಾ ಚಿಪ್) ಬೇಕು. ಬಹಳ ಕಡೆ ಟಿಪಿಎಂ ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಲು ಹೊಸ ಕಂಪ್ಯೂಟರ್ ಬೇಕಿಲ್ಲ. ಯಂತ್ರ ನಿಜಕ್ಕೂ ಸಾಲದಿದ್ದರೆ, ಬರೀ ಟೈಪಿಂಗ್ ಮತ್ತು ಬ್ರೌಸರ್ ಕೆಲಸಕ್ಕೆ ಲಿನಕ್ಸ್ ಹಾಕಿ ನೋಡಬಹುದು. ನಿಮ್ಮ ಬೆರಳಚ್ಚು ಯಂತ್ರ, ಪ್ರಿಂಟರ್ ಅದರಲ್ಲಿ ನಡೆಯುತ್ತವೆಯೇ ಅಂತ ಮೊದಲು ಪೆನ್‌ಡ್ರೈವಿನಿಂದಲೇ ಪರೀಕ್ಷಿಸಿ, ಆಮೇಲೆ ತೀರ್ಮಾನ ಮಾಡಿ.

ಇನ್ನೊಬ್ಬರು, ಯಾವುದೇ ಕಾರಣ ಕಾಣದೆ ನೀಲಿ ಪರದೆ ಬಂದು ನಿಲ್ಲುವ ಯಂತ್ರಕ್ಕೆ ಏನು ಮಾಡಬೇಕು ಅಂತ ಕೇಳಿದರು. ಮೊದಲು ರ‍್ಯಾಮ್ ಮೇಲೆ ಅನುಮಾನ ಪಡಿ. ಮೆಮ್‌ಟೆಸ್ಟ್86+ ಎಂಬ ಸ್ವತಂತ್ರ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರ ಶುರು ಮಾಡಿ. ಕೆಲವು ಯಂತ್ರಗಳಲ್ಲಿ ಅದಕ್ಕೂ ಮೊದಲು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶದಿಂದ ಶುರುವಾಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಬೇಕಾಗುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿ ಹೋಗಿ. ಬೆಳಗ್ಗೆ ಪರದೆಯ ಮೇಲೆ ಒಂದೇ ಒಂದು ಕೆಂಪು ಸಾಲು ಇದ್ದರೂ ರ‍್ಯಾಮ್ ಪರೀಕ್ಷೆ ಪಾಸಾಗಿಲ್ಲ. ಎರಡು ಸ್ಟಿಕ್ ಇದ್ದರೆ ಒಂದನ್ನು ತೆಗೆದು ಮತ್ತೆ ಓಡಿಸಿ, ಆಮೇಲೆ ಇನ್ನೊಂದನ್ನು. ಕೆಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ. ಅದೇ ಸ್ಟಿಕ್ ಬೇರೆ ಸ್ಲಾಟಿನಲ್ಲಿ ಸರಿ ಓಡಿದರೆ ಆಗ ಸ್ಲಾಟನ್ನು ನೋಡಬೇಕು.